ಅತ್ತೆಯ ಶೆಗಡಿ, ನನ್ನ ಎದೆ

“ಅಂಗಿ ಬಿಚ್ಚರಿ,” ಎಂದರು ಸಿಸ್ಟರ್.

ಕಲಬುರಗಿಯ ಒಂದು ದವಾಖಾನೆಯ ಎಳೆಗೂಸುಗಳ ವಾರ್ಡು ಅದು. ಚಪ್ಪಲಿ ಹೊರಗೆ ಬಿಟ್ಟು, ಮೊಣಕೈತನಕ ಸೋಪು ಹಚ್ಚಿ ತೊಳೆದುಕೊಂಡು, ಆರು ದಿನದ ಮಗಳನ್ನು ನೋಡಲು ಒಳಗೆ ಹೋಗಿದ್ದೆ. ಕಾರಣ ಹೇಳದೆ ಯಾರಾದರೂ ಹುಕುಂ ಮಾಡಿದರೆ ನನಗೆ ಆಗುವುದಿಲ್ಲ. ಸಿಟ್ಟು ಮೂಗಿನ ತುದಿಯಲ್ಲೇ ಕೂತಿರುತ್ತದೆ.

“ಯಾಕ್ರಿ? ಇಂಜೆಕ್ಷನ್ ನನಗೇನು?” ಎಂದೆ.

“ಕೂಸಿಗೆ ಮೈಶಾಖ ಬೇಕಾಗ್ಯಾದ್ರಿ. ನಿಮ್ಮ ಮನಿಯವರಿಗೆ ಜ್ವರ, ಆಪರೇಷನ್ ಹೊಲಿಗಿ ಬ್ಯಾರೆ ಸೋರಾಕತ್ತದ. ಮತ್ಯಾರು ಹಿಡಕೋಬೇಕು, ನಾನೇನು? ನನಗ ಇಲ್ಲಿ ಹನ್ನೊಂದು ಕೂಸ ಅದಾವ.”

ಬಿಚ್ಚಿದೆ. ಬನಿಯನ್ನೂ ಬಿಚ್ಚಿಸಿದರು. ನಾಚಿಕೆಯಿಂದ ಎರಡೂ ಕೈ ಎದೆಯ ಮೇಲೆ ಇಟ್ಟುಕೊಂಡು ನಿಂತ ನನ್ನನ್ನು ಒರಗು ಕುರ್ಚಿಯಲ್ಲಿ ಕೂಡಿಸಿ, ಮಗಳನ್ನು ತಂದು ಎದೆಯ ಮೇಲಿಟ್ಟರು. ಅವಳ ಮೈಮೇಲೆ ಒಂದು ಚಡ್ಡಿಬಟ್ಟೆ, ತಲೆಗೆ ಟೊಪ್ಪಿಗೆ, ಕಾಲಿಗೆ ಚೀಲ, ಇಷ್ಟೇ. ಮುಖವನ್ನು ಒಂದು ಬದಿಗೆ ತಿರುಗಿಸಿ, ಕಾಲುಗಳನ್ನು ಕಪ್ಪೆಯಂತೆ ಅಗಲಿಸಿ ಕೂಡಿಸಿ, ಇಬ್ಬರಿಗೂ ಸೇರಿಸಿ ಒಂದು ಮೆತ್ತನೆಯ ಬಟ್ಟೆ ಸುತ್ತಿ ಕಟ್ಟಿದರು. “ಕತ್ತು ಬಾಗಬಾರದು. ಮೂಗು ಖುಲ್ಲಾ ಇರಬೇಕು. ಮಾರಿ ನಿಮಗ ಕಾಣಬೇಕು. ನಿಮಗ ನಿದ್ದಿ ಬಂತೋ, ಇಳಿಸಿ ಬೆನ್ನ ಮ್ಯಾಲೆ ಮಲಗಸ್ರಿ. ಕೂಸಿನ್ನ ಎದಿ ಮ್ಯಾಲೆ ಇಟ್ಕೊಂಡು ಗೊರಕಿ ಹೊಡಿಬ್ಯಾಡ್ರಿ ಮತ್ತ!”

ಅವಳು ಒಂದು ತಿಂಗಳು ಮುಂಚೆಯೇ ಹುಟ್ಟಿದವಳು. ತೂಕ ಎರಡು ಕಿಲೋಗೆ ಇನ್ನೂರು ಗ್ರಾಂ ಕಡಿಮೆ. ನನ್ನ ಅಂಗೈಯಿಂದ ಮೊಣಕೈ ಮುಟ್ಟುವಷ್ಟರಲ್ಲಿ ಅವಳು ಮುಗಿದುಹೋಗುತ್ತಿದ್ದಳು. ಮೊದಲು ಹಸಿ ತೊಗರಿಕಾಯಿಯಂತೆ ತಣ್ಣಗಿದ್ದ ಆ ಬೆನ್ನು ಸ್ವಲ್ಪ ಹೊತ್ತಿನಲ್ಲಿ ನನ್ನ ಅಂಗೈ ಕೆಳಗೆ ಬೆಚ್ಚಗಾಯಿತು. ಉಸಿರು ನೆಟ್ಟಗಾಯಿತು. ಅಯ್ಯೋ ಶಿವನೇ, ಎಷ್ಟು ಹೆದರಿದ್ದೆ ನಾನು! ಅಳ್ಳಾಡಿದರೆ ಎಲ್ಲಿ ಮುರಿದೀತೋ ಎಂದು ಎರಡು ತಾಸು ಕೆಮ್ಮಲಿಲ್ಲ.

ಮನೆಗೆ ಕಳಿಸುವ ದಿನ ಸಿಸ್ಟರ್ ಎಲ್ಲವನ್ನೂ ಮತ್ತೊಮ್ಮೆ ಹೇಳಿದರು. ದಿನದಲ್ಲಿ ಎಷ್ಟು ತಾಸು ಆಗುತ್ತದೋ ಅಷ್ಟು ಹೊತ್ತು ಎದೆಗೆ ಕಟ್ಟಿಕೊಳ್ಳಬೇಕು. ಕೆಳಗೆ ಮಲಗಿಸಿದಾಗ ಮುಖದ ಹತ್ತಿರ ಸಡಿಲ ಬಟ್ಟೆ ಇರಕೂಡದು. ಚಳಿಯೋ ಸೆಕೆಯೋ ಎಂದು ತಿಳಿಯಲು ಹೊಟ್ಟೆ, ಕತ್ತಿನ ಹಿಂಭಾಗ ಮುಟ್ಟಿ ನೋಡಬೇಕು. ಹದಿನೈದು ದಿನ ಬಿಟ್ಟು ತೂಕಕ್ಕೆ ತರಬೇಕು. “ತೂಕ ಏರಲಿಲ್ಲ ಅಂದ್ರ ಮತ್ತ ಒಳಗ ಇಟ್ಕೋಬೇಕಾಗತದ್ರಿ. ಕೂಸು ಒಳಗ, ತಾಯಿ ಹೊರಗ,” ಎಂದರು.

ನನ್ನ ಹೆಂಡತಿ ಮೊದಲ ಐದು ದಿನ ಮಗಳನ್ನು ಗಾಜಿನ ಆಚೆಯಿಂದ ನೋಡಿದವಳು. ಹಿಂಡಿದ ಹಾಲನ್ನು ಬಟ್ಟಲಲ್ಲಿ ಕಳಿಸಿ, ಕುಡಿದಳೋ ಇಲ್ಲವೋ ಎಂದು ಬಾಗಿಲಲ್ಲಿ ನಿಂತು ಕೇಳಿದವಳು. ಸಿಸ್ಟರ್ ಮಾತು ಮುಗಿಸುವ ಮೊದಲೇ ನನ್ನ ಮುಂಗೈ ಹಿಡಿದಳು. ಜ್ವರ ಪೂರ್ತಿ ಬಿಟ್ಟಿರಲಿಲ್ಲ, ಅವಳ ಕೈ ಇನ್ನೂ ಬಿಸಿಯಾಗಿತ್ತು. “ಮತ್ತ ಒಳಗ ಹಾಕಿದ್ರಂದ್ರ ನಾ ಉಳಿಯಂಗಿಲ್ರೀ,” ಎಂದಳು. ಹದಿನೈದು ದಿನ, ಒಂದು ತಕ್ಕಡಿ. ಮನೆಗೆ ಹೋಗುವಾಗ ನನ್ನ ತಲೆಯಲ್ಲಿ ಇದ್ದದ್ದು ಇಷ್ಟೇ.

ಮನೆ ಎಂದರೆ ನಮ್ಮ ಮನೆಯಲ್ಲ. ನಾವು ಶರಣಸಿರಸಗಿ ಕಡೆಯ ಹೊಸ ಬಡಾವಣೆಯಲ್ಲಿ ಬಾಡಿಗೆಗೆ ಇದ್ದೇವೆ. ನನ್ನ ತಾಯಿ ಇಲ್ಲ. ಚೊಚ್ಚಲ ಬಾಣಂತನ ತವರಿನದೇ ಹಕ್ಕು, ಆದ್ದರಿಂದ ಕಮಲಾಪುರದ ಅತ್ತೆಯ ಮನೆಗೆ ಹೋದೆವು. ನಾನೂ ಗಂಟುಮೂಟೆ ಕಟ್ಟಿಕೊಂಡು ಜೊತೆಗೆ ಹೋದದ್ದು ಓಣಿಗೆಲ್ಲ ಸುದ್ದಿಯಾಯಿತು. ಬಾಣಂತಿಯನ್ನು ಬಿಟ್ಟು ಬರುವುದು ಗಂಡನ ಕೆಲಸ, ಇದ್ದು ಬಾಣಂತನ ಮಾಡುವುದಲ್ಲ. ನಂದೂರಿನ ಬೇಳೆ ಮಿಲ್ಲಿನಲ್ಲಿ ತೊಗರಿಯ ಹದ ನೋಡುವ ಕೆಲಸ ನನ್ನದು. ರಜೆ ಕೇಳಿದಾಗ ಮಾಲೀಕರು ಕನ್ನಡಕದ ಮೇಲಿಂದ ನೋಡಿ, “ಬಾಣಂತಿ ಯಾರಪ್ಪಾ, ಆಕಿನೋ ನೀನೋ?” ಎಂದಿದ್ದರು. ಬೇಳೆ ಕೇರುವ ಹೆಂಗಸರು ಇನ್ನೂ ಮುಂದೆ ಹೋಗಿ, “ಅಣ್ಣಾ, ಹಾಲೂ ಬಂದಾವೇನು?” ಎಂದು ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದರು. ನಗಲಿ ಬಿಡಿ.

ಅತ್ತೆಗೆ ಅರವತ್ತು ದಾಟಿದೆ. ಮಾವ ತೀರಿಕೊಂಡ ಮೇಲೆ ಹೊಲ, ಮನೆ, ಎರಡು ಎಮ್ಮೆ ಎಲ್ಲವನ್ನೂ ಒಬ್ಬರೇ ನಡೆಸಿದವರು. ಓಣಿಯಲ್ಲಿ ಯಾರ ಮನೆಯಲ್ಲಿ ಬಾಣಂತಿ ಇದ್ದರೂ ಎಣ್ಣೆ ತಿಕ್ಕಲು, ಕೂಸಿಗೆ ಎರೆಯಲು ಅವರಿಗೇ ಕರೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯಬಾರದು ಎಂಬ ಮಾತನ್ನು ಅವರು ಗಾದೆ ಎಂದಲ್ಲ, ಕಾಯ್ದೆ ಎಂದೇ ತಿಳಿದವರು. ಹೀಗಾಗಿ ಹುಟ್ಟಿದ ಸುದ್ದಿ ಮುಟ್ಟಿದ ಮೇಲೆ ಕೂತು, ತಮ್ಮ ಹಳೆಯ ಇಲಕಲ್ ಸೀರೆಯ ಅಂಚಿನಿಂದ ಮೂರು ಕುಲಾವಿ ಹೊಲಿದಿದ್ದರು. ಎಲ್ಲವೂ ದಿನ ತುಂಬಿ ಹುಟ್ಟಿದ ಕೂಸಿನ ಅಳತೆಯವು. ನನ್ನ ಮಗಳಿಗೆ ತೊಡಿಸಿದರೆ ಗದ್ದದ ಕೆಳಗೆ ಬಂದವು. ಅತ್ತೆ ಅದನ್ನು ನೋಡಿ ಒಳಗೆ ಹೋಗಿ, ಮತ್ತೆ ಸೂಜಿ ಹಿಡಿದು ಕೂತರು.

ಅತ್ತೆ ನನ್ನ ಎದುರು ತಲೆಯ ಮೇಲಿನ ಸೆರಗು ಸರಿಸುವವರಲ್ಲ, ನೇರವಾಗಿ ಮಾತಾಡುವವರೂ ಅಲ್ಲ. ಅವರ ಮನೆತನದಲ್ಲಿ ಅತ್ತೆ ಅಳಿಯನಿಗೆ ಕೊಡುವ ಮರ್ಯಾದೆ ಅದು. ಮದುವೆಯಾಗಿ ನಾಲ್ಕು ವರ್ಷವಾದರೂ ನನಗೆ ಹೇಳಬೇಕಾದ್ದನ್ನೆಲ್ಲ ಮಗಳ ಕಡೆ ಮುಖ ಮಾಡಿ ಹೇಳುತ್ತಿದ್ದರು. “ಅಳಿಯಂದಿರಿಗೆ ಕೇಳವ್ವಾ, ಇನ್ನೊಂದು ರೊಟ್ಟಿ ಹಾಕಲೇನು ಅಂತ.” ನಾನು ಮೂರು ಅಡಿ ದೂರದಲ್ಲಿ ತಾಟಿನ ಮುಂದೆ ಕೂತಿರುತ್ತಿದ್ದೆ. ನಾನೂ ಹೆಂಡತಿಗೇ ಉತ್ತರ ಹೇಳುತ್ತಿದ್ದೆ. ಇಂಥ ಇಬ್ಬರ ನಡುವೆ ಈಗ ಒಂದು ಸಣ್ಣ ಕೂಸನ್ನು ಬೆಚ್ಚಗಿಡುವ ಕೆಲಸ ಬಿದ್ದಿತ್ತು.

ಬಾಣಂತಿ ಕೋಣೆ ಸಿದ್ಧವಾಗಿತ್ತು. ನುಲಿ ಹೆಣೆದ ಹೊರಸು, ಅದರ ಮೇಲೆ ಕೌದಿ, ಹೊರಸಿನ ಕೆಳಗೆ ಶೆಗಡಿ. ಶೆಗಡಿ ಎಂದರೆ ಕೆಂಡ ತುಂಬಿಡುವ ಕಬ್ಬಿಣದ ಬುಟ್ಟಿ. ಕೆಂಡದ ಮೇಲೆ ಆಗಾಗ ಅಜವಾನ, ಬೆಳ್ಳುಳ್ಳಿ ಸಿಪ್ಪೆ, ಲೋಬಾನ ಉದುರಿಸಬೇಕು. ಕಿಟಕಿಯ ಸಂದಿಗೆಲ್ಲ ಹಳೆ ಧೋತರ ತುರುಕಿದ್ದರು. ಚಳಿಗಾಲ, ಬೀದರ್ ಕಡೆಯ ಗಾಳಿ ಬೀಸುತ್ತಿತ್ತು, ಬೆಳಿಗ್ಗೆ ಬಾಯಿಂದ ಹೊಗೆ ಬರುತ್ತಿತ್ತು. ನನಗೆ ಆ ಕೋಣೆ ನೋಡಿಯೇ ಉಸಿರು ಕಟ್ಟಿತು. ಆದರೆ ಬಾಯಿ ಬಿಡಲಿಲ್ಲ. ಅಳಿಯ ಅತ್ತೆಗೆ ಎದುರಾಡುವುದೆಂದರೆ ಊರಿಗೆಲ್ಲ ಮಾತಾಗುತ್ತದೆ. ಹೆಂಡತಿಗೆ ಪಿಸುಗುಟ್ಟಿದೆ, “ಶೆಗಡಿ ಬ್ಯಾಡ ಅಂತ ನೀನರ ಹೇಳು.”

“ನಾನೂ ಇದೇ ಹೊರಸಿನ್ಯಾಗ ಬೆಳದಾಕಿ. ಸತ್ತೀನೇನು?” ಎಂದು ಕಣ್ಣು ಮುಚ್ಚಿದಳು. ಜ್ವರದಲ್ಲಿ ಅವಳಿಗೆ ತಕರಾರು ಮಾಡುವ ತ್ರಾಣ ಇರಲಿಲ್ಲ.

ಹೀಗಾಗಿ ಯಾರೂ ಮಾತಾಡದೆಯೇ ಒಂದು ಒಪ್ಪಂದವಾಯಿತು. ಹೆಂಡತಿ ಹಾಲು ಕೊಡುವುದು. ಹಾಲು ಕುಡಿದ ಮೇಲೆ ನಾನು ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂಸನ್ನು ಎದೆಗೆ ಕಟ್ಟಿಕೊಳ್ಳುವುದು. ನಾನು ಉಣ್ಣಲು, ಮೀಯಲು ಎದ್ದಾಗ ಮಾತ್ರ ಅತ್ತೆಯ ಹೊರಸು. ಕೂಸು ನೋಡಲು ಬಂದ ಹೆಂಗಸರು ಬಾಗಿಲಲ್ಲೇ ನಿಂತು ನನ್ನನ್ನು ನೋಡಿ ವಾಪಸಾಗುತ್ತಿದ್ದರು. ಒಬ್ಬ ಮುದುಕಿಯಂತೂ, “ಯವ್ವಾ, ಗಂಡಸು ಮರಿ ಹಾಕ್ಯಾನಲ್ಲ!” ಎಂದು ಅಂಗಳದಲ್ಲೇ ಕೂತು ನಕ್ಕಳು. ಅತ್ತೆ ಅವಳನ್ನು ಗದರಿ ಕಳಿಸಿದರು. ಗದರಿದ್ದು ನನ್ನ ಮಾನ ಉಳಿಸಲೋ ಅವರ ಮಾನ ಉಳಿಸಲೋ ಗೊತ್ತಿಲ್ಲ.

ಮೂರನೆಯ ದಿನ ನಾನು ಹೆಂಡತಿಯ ಔಷಧ, ಹೊಲಿಗೆಗೆ ಕಟ್ಟುವ ಹತ್ತಿಬಟ್ಟೆ ತರಲು ಬೆಳಿಗ್ಗೆ ಬಸ್ಸು ಹಿಡಿದು ಕಲಬುರಗಿಗೆ ಹೋದೆ. ಬರುವಾಗ ಮಧ್ಯಾಹ್ನ ಎರಡು ಗಂಟೆ. ಮನೆ ಸದ್ದಿಲ್ಲದೆ ಇತ್ತು. ಕೋಣೆಯ ಬಾಗಿಲು ಮುಚ್ಚಿತ್ತು. ನೂಕಿದೆ. ಒಳಗಿನ ಬಿಸಿ ಮುಖಕ್ಕೆ ಹೊಡೆಯಿತು.

ಹೆಂಡತಿ ಹಣೆಗೆ ಬಟ್ಟೆ ಬಿಗಿದುಕೊಂಡು ಮಲಗಿದ್ದಳು. “ತಲಿ ಸಿಡ್ಯಾಕತ್ತದ,” ಎಂದಳು, ಕಣ್ಣು ತೆರೆಯದೆ. ಅವಳ ಪಕ್ಕದಲ್ಲಿ ಕೌದಿಯ ಒಂದು ಗಂಟು. ಅತ್ತೆ ಆ ಗಂಟಿನೊಳಗೆ ಕೈ ಹಾಕಿ ಕೂಸಿನ ಕಾಲು ಮುಟ್ಟಿ ನೋಡಿ, ತಮಗೆ ತಾವೇ, “ಇನ್ನೂ ಕಾಲು ತಣ್ಣಗೇ ಅದಾವಲ್ಲ,” ಎಂದು ನಾಲ್ಕನೆಯ ಹೊದಿಕೆಯನ್ನು ಮಡಚಿ ಹೊದಿಸುತ್ತಿದ್ದರು.

ಮಿಲ್ಲಿನಲ್ಲಿ ತೊಗರಿಗೆ ಎಣ್ಣೆ ನೀರು ಹಚ್ಚಿ ರಾಶಿ ಹಾಕಿ ಮುಚ್ಚಿಟ್ಟಾಗ ಮೇಲೆ ಮುಟ್ಟಿದರೆ ಏನೂ ತಿಳಿಯುವುದಿಲ್ಲ. ಮೊಣಕೈತನಕ ಕೈ ಹಾಕಬೇಕು, ಒಳಗೆ ಕಾವು ಹಿಡಿದಿರುತ್ತದೆ. ಹನ್ನೆರಡು ವರ್ಷ ಅದನ್ನೇ ಮಾಡಿದ ಕೈ ನನ್ನದು. ಮಗಳ ಕತ್ತಿನ ಹಿಂದೆ ಹಾಕಿದೆ. ಬೆವರಿಗೆ ತೊಯ್ದು ತೊಪ್ಪೆಯಾಗಿತ್ತು. ಮುಖ ಕೆಂಪು ಮೆಣಸಿನಕಾಯಿ. ಅಂಗಾಲು ಕೆರೆದೆ, ಅಳಲಿಲ್ಲ. ತುಟಿಗೆ ಬೆರಳು ಮುಟ್ಟಿಸಿದೆ, ಬಾಯಿ ತೆರೆಯಲಿಲ್ಲ.

ಆಮೇಲೆ ನಾನು ಮಾಡಿದ್ದನ್ನು ಈಗ ನೆನೆದರೂ ನಾಚಿಕೆಯಾಗುತ್ತದೆ. ಕಿಟಕಿಗೆ ತುರುಕಿದ ಧೋತರವನ್ನು ಕಿತ್ತು ಎಸೆದೆ. ಬಗ್ಗಿ ಶೆಗಡಿಯ ಹಿಡಿಕೆಯನ್ನು ಬರಿಗೈಯಲ್ಲೇ ಹಿಡಿದು ಎಳೆದು, ಓಡಿ ಹೋಗಿ ಅಂಗಳಕ್ಕೆ ಬೀಸಿದೆ. ಕೆಂಡ ಚೆಲ್ಲಾಪಿಲ್ಲಿಯಾಯಿತು, ಎಮ್ಮೆ ಬೆದರಿ ಹಗ್ಗ ಜಗ್ಗಿತು. ಬೆರಳು ಸುಟ್ಟವು. ಮೈಮೇಲೆ ಎಚ್ಚರವಿಲ್ಲದೆ, ನಾಲ್ಕು ವರ್ಷ ನೇರ ಒಂದು ಮಾತಾಡದ ಅತ್ತೆಗೆ ಮುಖಕ್ಕೆ ಮುಖ ಕೊಟ್ಟು ಕಿರುಚಿದೆ: “ಬಾಣಂತನ ಮಾಡಾಕತ್ತೀರೋ, ಹಪ್ಪಳ ಸುಡಾಕತ್ತೀರೋ?”

ಅವರು ಸೆರಗು ಕೂಡ ಎಳೆದುಕೊಳ್ಳಲಿಲ್ಲ. ಕೈಯಲ್ಲಿ ಆ ನಾಲ್ಕನೆಯ ಹೊದಿಕೆ ಹಿಡಿದುಕೊಂಡು ನಿಂತೇ ಇದ್ದರು.

ಹೊದಿಕೆಗಳನ್ನೆಲ್ಲ ಬಿಚ್ಚಿ ಕೂಸನ್ನು ಪಡಸಾಲೆಗೆ ತಂದೆ. ಹೆಂಡತಿಯನ್ನೂ ಕೈ ಹಿಡಿದು ಹೊರಗೆ ತಂದು ಕೂಡಿಸಿದೆ. ವಾರ್ಡಿಗೆ ಫೋನು ಹಚ್ಚಿದೆ. ಸುಟ್ಟ ಬೆರಳಿಂದ ಹಿಡಿಯಲಾಗದೆ ಸ್ಪೀಕರ್ ಹಾಕಿ ನೆಲದ ಮೇಲಿಟ್ಟೆ. ಸಿಸ್ಟರ್ ಎಲ್ಲ ಕೇಳಿಸಿಕೊಂಡು ಹೇಳಿದರು: “ಮೊದಲ ಬೆವರು ಒರಸ್ರಿ, ಗಾಳಿ ಆಡ್ಲಿ, ಒಂದೇ ತೆಳು ಬಟ್ಟಿ ಸಾಕು. ತಾಯಿ ಹಾಲಿಗೆ ಹಚ್ಚರಿ. ಅರ್ಧ ತಾಸಿನ್ಯಾಗ ಕುಡೀಲಿಲ್ಲ, ಇಲ್ಲಾ ಹಿಂಗೇ ಮಂಕಾಗಿ ಉಳೀತು ಅಂದ್ರ ಗಾಡಿ ಮಾಡ್ಕೊಂಡು ಸೀದಾ ಬರ್ರಿ, ದಾರಿ ನೋಡಬ್ಯಾಡ್ರಿ. ಮುಚ್ಚಿದ ಕೋಣ್ಯಾಗ ಕೆಂಡ ಇಟ್ರ ಗಾಳಿನೇ ವಿಷ ಆಗತದ್ರಿ, ಕೂಸಿಗೂ, ತಾಯಿಗೂ. ಅವರ ತಲಿನೋವು ಅದಕ್ಕೇ ಇರಬೇಕು.”

ಓಣಿಯಲ್ಲಿ ಕಾರು ಇಟ್ಟವರೊಬ್ಬರಿಗೆ ತಯಾರಿರಲು ಹೇಳಿ ಕಳಿಸಿದೆ. ಅರ್ಧ ತಾಸು ಎಷ್ಟು ದೊಡ್ಡದೆಂದು ಅವತ್ತು ತಿಳಿಯಿತು. ಹೆಂಡತಿ ಕೂಸಿನ ಕೆನ್ನೆ ತಟ್ಟುತ್ತ, ಕಿವಿ ತಿಕ್ಕುತ್ತ, “ಕುಡಿಯವ್ವಾ, ಒಂದ್ ಗುಟುಕ ಕುಡಿ ನನ್ನ ಬಂಗಾರಾ,” ಎಂದು ಒಂದೇ ಮಾತನ್ನು ಹೇಳುತ್ತಿದ್ದಳು. ಹದಿನೈದಿಪ್ಪತ್ತು ನಿಮಿಷವಾದ ಮೇಲೆ ಮಗಳು ಮುಖ ಕಿವುಚಿದಳು. ಬೆಕ್ಕಿನ ಮರಿಯಂತೆ ಒಮ್ಮೆ ಅತ್ತಳು. ಬಾಯಿ ತೆರೆದು ಹಿಡಿದಳು. ಗಂಟಲಲ್ಲಿ ಗುಟುಕು ಇಳಿಯುವ ಸದ್ದು ಕೇಳಿದ್ದೇ ತಡ, ನಾನು ಕಂಬ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಕಾರಿನವರು ಬಂದು ನೋಡಿ ವಾಪಸು ಹೋದರು.

ಸಿಟ್ಟು ಇಳಿದ ಮೇಲೆ ಅಡುಗೆಮನೆಯ ಹೊಸ್ತಿಲಿಗೆ ಹೋಗಿ ನಿಂತೆ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೆ? ಅತ್ತೆ ಒಲೆಯ ಮುಂದೆ ಗೋಡೆಗೆ ಮುಖ ಮಾಡಿ ಕೂತಿದ್ದರು. ಮುಂಜಾನೆಯ ರೊಟ್ಟಿ ಮುಟ್ಟಿರಲಿಲ್ಲ. “ತಪ್ಪಾತ್ರಿ ಅತ್ತಿ, ಬಾಯಿ ಮೀರಿ ಅಂದೆ,” ಎಂದೆ. ಅವರು ಪಡಸಾಲೆಯಲ್ಲಿದ್ದ ಮಗಳಿಗೆ ಕೇಳುವಂತೆ ಹೇಳಿದರು, “ಅಳಿಯಂದಿರಿಗೆ ಹೇಳವ್ವಾ. ನಲವತ್ತು ಬಾಣಂತನ ಮಾಡೀನಿ. ಒಂದು ಕೂಸೂ ನನ್ನ ಕೈಯಾಗ ಥಂಡಿ ಹಿಡದು ಹೋಗಿಲ್ಲ.”

ಅದು ಖರೇ ಮಾತು. ನಾನು ಅದನ್ನು ಬಹಳ ಹೊತ್ತು ಯೋಚಿಸಿದೆ. ಅದೇ ಕೆಂಡ, ಅದೇ ಹೊರಸು, ಅದೇ ಕೈ. ನಲವತ್ತು ಕೂಸು ಬದುಕಿದ್ದು ಸುಳ್ಳಲ್ಲ. ತಲೆ ಎತ್ತಿ ನೋಡಿದಾಗ ಹೊಳೆಯಿತು. ಓಣಿಯ ಉಳಿದ ಮನೆಗಳಂತೆ ಈ ಮನೆಗೂ ಮೊದಲು ಮಣ್ಣಿನ ಮಾಳಿಗೆ ಇತ್ತಂತೆ. ಪ್ರತಿ ಕೋಣೆಯ ನೆತ್ತಿಗೆ ಒಂದು ಬೆಳಕಿಂಡಿ, ಹೊಗೆ, ಬಿಸಿ ಎಲ್ಲ ಅಲ್ಲಿಂದ ಹೊರಗೆ. ಬಾಗಿಲು ಹಳೆಯ ಹಲಗೆಯದು, ಸಂದಿಯಲ್ಲಿ ಕೈ ತೂರುತ್ತಿತ್ತು. ಆ ಮನೆಯಲ್ಲಿ ಶೆಗಡಿ ಇಲ್ಲದಿದ್ದರೆ ಎಳೆಗೂಸು ನಡುಗುತ್ತಿತ್ತು. ನಾಲ್ಕು ವರ್ಷದ ಹಿಂದೆ ನಮ್ಮ ಮದುವೆಗೆಂದೇ ಆ ಮಾಳಿಗೆ ಕೆಡವಿ ಸ್ಲ್ಯಾಬು ಹಾಕಿಸಿದ್ದರು, ಉಕ್ಕಿನ ಕಿಟಕಿ ಕೂಡಿಸಿದ್ದರು. ಮನೆ ಬದಲಾಯಿತು, ಶೆಗಡಿ ಬದಲಾಗಲಿಲ್ಲ. ಹೊಸ ಮನೆಯಲ್ಲಿ ಅದು ಅವರ ಮೊದಲ ಬಾಣಂತನ. ಅದೂ ಮಗಳದು, ಅದೂ ಒಂದು ಹಿಡಿಯಷ್ಟು ಕೂಸಿನದು. ಹಳೆ ಕಾಲದವರಿಗೆ ಏನೂ ತಿಳಿಯುವುದಿಲ್ಲ ಎಂದು ನಾನು ಒಳಗೊಳಗೇ ಅಂದುಕೊಂಡಿದ್ದೆನಲ್ಲ, ಅವರಿಗೆ ತಿಳಿದಿತ್ತು. ಅವರ ತಿಳಿವಳಿಕೆ ಹಳೆಯ ಮಾಳಿಗೆಯ ಅಳತೆಯದಾಗಿತ್ತು, ಅಷ್ಟೇ.

ಇದನ್ನು ಅವರಿಗೆ ಹೇಳಬೇಕೆಂದುಕೊಂಡೆ. ಹೇಳಲು ಧೈರ್ಯವಾಗಲಿಲ್ಲ.

ಶೆಗಡಿ ಮತ್ತೆ ಒಳಗೆ ಬರಲಿಲ್ಲ. ಅತ್ತೆ ಕೂಸಿನ ಹತ್ತಿರವೂ ಬರಲಿಲ್ಲ. ಎಣ್ಣೆ ತಿಕ್ಕುವುದನ್ನೂ ಬಿಟ್ಟರು. ಊಟದ ತಾಟು ಹೊಸ್ತಿಲ ಬಳಿ ಇಟ್ಟು ಹೋಗುತ್ತಿದ್ದರು. ನಾನು ಮುಂಜಾನೆಯಿಂದ ಸಂಜೆಯತನಕ ಮಗಳನ್ನು ಕಟ್ಟಿಕೊಂಡು ಕೂಡುತ್ತಿದ್ದೆ. ಬೆನ್ನು ಹಿಡಿಯುತ್ತಿತ್ತು, ಕಾಲು ಜೋಮು ಹಿಡಿಯುತ್ತಿತ್ತು. ಆದರೂ ಆ ದಿನಗಳ ಸುಖ ನನಗೆ ಮತ್ತೆ ಸಿಕ್ಕಿಲ್ಲ. ಅವಳು ನಿದ್ದೆಯಲ್ಲಿ ನಕ್ಕರೆ ನನ್ನ ಎದೆಯ ಚರ್ಮಕ್ಕೆ ಮೊದಲು ತಿಳಿಯುತ್ತಿತ್ತು.

ಎರಡು ದಿನ ಕಳೆದ ಮೇಲೆ ಅತ್ತೆ ಬಾಗಿಲ ಬಳಿ ಬಂದು ಕೂತು ಅವರೆಕಾಯಿ ಸುಲಿಯತೊಡಗಿದರು. ನನ್ನ ಕಡೆ ನೋಡಲಿಲ್ಲ. ಕೂಸಿಗೆ ಹೇಳಿದರು, “ಯವ್ವಾ, ನಿಮ್ಮಪ್ಪನ ಎದಿ ತುಂಬ ಹುಲ್ಲು ಬೆಳದದ. ಚುಚ್ಚಂಗಿಲ್ಲೇನು ನಿನಗ?”

“ಇಲ್ಲಂತ ಹೇಳು ನಿಮ್ಮಜ್ಜಿಗಿ. ಮೆತ್ತಗದ ಅಂತ ಹೇಳು,” ಎಂದೆ ನಾನೂ ಕೂಸಿಗೆ. ಒಳಗೆ ಹೊರಸಿನ ಮೇಲೆ ನನ್ನ ಹೆಂಡತಿ ಹೊಲಿಗೆ ಹಿಡಿದುಕೊಂಡು ನಕ್ಕು, “ಅಯ್ಯೋ ನಗಸಬ್ಯಾಡ್ರಿ, ನೋಯ್ತದ,” ಎಂದಳು. ಅವತ್ತಿನಿಂದ ನಮ್ಮ ಮಾತುಕತೆಗೆಲ್ಲ ಕೂಸೇ ಟಪಾಲಿನವಳಾದಳು. ಯಾಕೆ ಕತ್ತಿನ ಹಿಂದೆ ಮುಟ್ಟಬೇಕು, ಯಾಕೆ ಮುಖ ಬದಿಗೆ ಇರಬೇಕು, ಕಾಲು ತಣ್ಣಗಾದರೆ ಏನು ಮಾಡಬೇಕು, ಅತ್ತೆ ಅವಳನ್ನೇ ಕೇಳಿದರು, ನಾನು ಅವಳಿಗೇ ಹೇಳಿದೆ. ಮಾಳಿಗೆಯ ಬೆಳಕಿಂಡಿಯ ಮಾತನ್ನೂ ಹೇಳಿದೆ. ಅತ್ತೆ ಅವರೆಕಾಯಿ ಬಿಟ್ಟು ಸ್ವಲ್ಪ ಹೊತ್ತು ಸ್ಲ್ಯಾಬನ್ನೇ ನೋಡಿದರು.

ತೂಕಕ್ಕೆ ಐದು ದಿನ ಉಳಿದಿರುವಾಗ ನನಗೆ ನೆಗಡಿ ಹಿಡಿಯಿತು. ಚಳಿಗಾಲದಲ್ಲಿ ಬರಿಮೈಯಲ್ಲಿ ಕೂತರೆ ಇನ್ನೇನಾದೀತು? ಸಂಜೆಗೆ ಮೈ ಕಾದಿತು. ಸಿಸ್ಟರ್ ಫೋನಿನಲ್ಲಿ ಒಂದೇ ಮಾತು ಹೇಳಿದರು, “ಕೂಸಿನ ಹತ್ರ ಹೋಗಬ್ಯಾಡ್ರಿ. ಅದಕ್ಕ ನೆಗಡಿ ಹತ್ತಿದ್ರ ತಡಕೊಳ್ಳಂಗಿಲ್ಲ. ಬ್ಯಾರೆಯವರು ಹಿಡಕೊಳ್ಳಲಿ.”

ಬೇರೆಯವರು ಯಾರು? ಹೆಂಡತಿ ಹಟ ಹಿಡಿದು ಎದ್ದು ಕೂತು ಕಟ್ಟಿಕೊಂಡಳು. ಅರ್ಧ ತಾಸಿನಲ್ಲಿ ಹೊಲಿಗೆಯಿಂದ ಮತ್ತೆ ಕೀವು ಬಂತು, ನೋವಿನಿಂದ ತುಟಿ ಕಚ್ಚಿಕೊಂಡು ಮಲಗಿದಳು. ಅತ್ತೆಯನ್ನು ಕೇಳುವುದು ಹೇಗೆ? ಅರವತ್ತು ದಾಟಿದ, ಗಂಡನಿಲ್ಲದ ಹೆಂಗಸು. ತಮ್ಮ ಮಕ್ಕಳ ಮುಂದೆ ಕೂಡ ಮೈ ತುಂಬ ಸೆರಗು ಹೊದ್ದವರು. ಅಂಥವರಿಗೆ, ಕುಪ್ಪಸ ಬಿಚ್ಚಿ ಕೂಸನ್ನು ಮೈಗೆ ಹಚ್ಚಿಕೊಳ್ಳಿ ಎಂದು ಅಳಿಯನಾದ ನಾನು ಹೇಳಲೇ? ಅದೂ ಹಪ್ಪಳ ಸುಡುವ ಮಾತು ಅಂದ ಬಾಯಿಂದ? ಪಡಸಾಲೆಯ ಮೂಲೆಯಲ್ಲಿ ಕೌದಿ ಹೊದ್ದು ಮಲಗಿದೆ. ಇಷ್ಟು ದಿನ ಏರಿದ ತೂಕ ಈ ನಾಲ್ಕು ದಿನದಲ್ಲಿ ಇಳಿದುಹೋಗುತ್ತದೆ, ಮಗಳು ಮತ್ತೆ ಗಾಜಿನ ಆಚೆ, ಹೆಂಡತಿ ಮತ್ತೆ ಬಾಗಿಲಲ್ಲಿ. ಜ್ವರಕ್ಕಿಂತ ಆ ಚಿಂತೆಯೇ ನನ್ನನ್ನು ಹೆಚ್ಚು ಸುಟ್ಟಿತು.

ಮರುದಿನ ಮಧ್ಯಾಹ್ನ ನೀರು ಕುಡಿಯಲು ಎದ್ದೆ. ಬಾಯಿಗೆ ಬಟ್ಟೆ ಕಟ್ಟಿಕೊಂಡು ದೂರದಿಂದಲೇ ಕೋಣೆಯ ಕಡೆ ನೋಡಿದೆ. ಬಾಗಿಲು ತೆರೆದಿತ್ತು. ಕಿಟಕಿಯ ಒಂದು ಕದವೂ ತೆರೆದಿತ್ತು. ಅತ್ತೆ ಬೆನ್ನಿಗೆ ಎರಡು ತಲೆದಿಂಬು ಕೊಟ್ಟುಕೊಂಡು ಗೋಡೆಗೆ ಒರಗಿ ಕೂತಿದ್ದರು. ಸೀರೆಯ ಸೆರಗನ್ನು ಎರಡು ಸುತ್ತು ಬಿಗಿದಿದ್ದರು. ಅವರ ಗದ್ದದ ಕೆಳಗೆ, ಮತ್ತೆ ಕೂತು ಹೊಲಿದ ಆ ಸಣ್ಣ ಕುಲಾವಿ ಕಾಣುತ್ತಿತ್ತು. ತಲೆಯ ಮೇಲೆ ಸೆರಗು ಇರಲಿಲ್ಲ. ಇದ್ದ ಸೆರಗೆಲ್ಲ ಕೂಸಿಗೆ ಹೋಗಿತ್ತು. ಅವರು ನನ್ನನ್ನು ನೋಡಿದರು, ಮುಖ ತಿರುಗಿಸಲಿಲ್ಲ. ಬಾಯಿಗೆ ಬೆರಳಿಟ್ಟು, ಸದ್ದು ಮಾಡಬೇಡ ಎಂದು ಸನ್ನೆ ಮಾಡಿದರು.

ನಾನು ನೀರು ಕುಡಿಯುವುದನ್ನು ಮರೆತು ವಾಪಸು ಬಂದು ಕೌದಿಯೊಳಗೆ ಮುಖ ಹುದುಗಿಸಿದೆ. ಆ ಹೊತ್ತಿನಲ್ಲಿ ಅವರ ಕಾಲು ಹಿಡಿಯಬೇಕೆನಿಸಿತು ನನಗೆ, ಸುಳ್ಳಲ್ಲ.

ಹೇಗಾಯಿತೆಂದು ಹೆಂಡತಿ ಆಮೇಲೆ ಹೇಳಿದಳು. ಅತ್ತೆ ತಾವೇ ಬಂದು ಬಾಗಿಲು ಮುಂದೆ ಮಾಡಿ, “ಅವರು ಹೆಂಗ ಕಟ್ಕೋತಾರ, ತೋರ್ಸು,” ಎಂದರಂತೆ. ಕುಪ್ಪಸದ ಗುಂಡಿಗೆ ಕೈ ಹಾಕಿ, ಒಮ್ಮೆ ನಿಂತು, “ಈ ವಯಸ್ಸಿನ್ಯಾಗ ಏನ್ ಆಟ ಹಚ್ಚೀದಿಯೋ ಶಿವನೇ,” ಎಂದು ಗೊಣಗಿದರಂತೆ. ಆಮೇಲೆ ನಾಲ್ಕು ದಿನ ಅವರು ಏಳಲೇ ಇಲ್ಲ ಎಂದರೂ ಸರಿ. ಎಮ್ಮೆ ಹಿಂಡಲು ಪಕ್ಕದ ಮನೆಯವರು ಬಂದರು, ರೊಟ್ಟಿ ಇನ್ನೊಂದು ಮನೆಯಿಂದ ಬಂತು. ನಲವತ್ತು ಮನೆಗೆ ದುಡಿದ ಕೈ, ಆ ಮನೆಗಳೆಲ್ಲ ತಿರುಗಿ ಬಂದವು. “ಗಂಡಸು ಮರಿ ಹಾಕ್ಯಾನ” ಎಂದಿದ್ದ ಮುದುಕಿಯೇ ಸಾರು ತಂದಿಟ್ಟು, ಅತ್ತೆಯ ಪಕ್ಕದಲ್ಲಿ ಕೂತು ಪಿಸುದನಿಯಲ್ಲಿ ಊರ ಸುದ್ದಿ ಹೇಳುತ್ತಿದ್ದಳು.

ಹದಿನೈದನೆಯ ದಿನ ಓಣಿಯವರ ಕಾರು ಮಾಡಿಕೊಂಡು ಎಲ್ಲರೂ ಕಲಬುರಗಿಗೆ ಹೋದೆವು. ಸಿಸ್ಟರ್ ಮಗಳ ಬಟ್ಟೆ ಬಿಚ್ಚಿ ತಕ್ಕಡಿಯ ಮೇಲಿಟ್ಟರು. ತಣ್ಣನೆಯ ತಟ್ಟೆ ತಾಗಿದ್ದಕ್ಕೆ ಅವಳು ದವಾಖಾನೆ ಹಾರಿಹೋಗುವಂತೆ ಅತ್ತಳು. ಹೆಂಡತಿ ನೋಡಲಾರದೆ ಗೋಡೆಯ ಕಡೆ ತಿರುಗಿದಳು. ಅಂಕಿ ಮೇಲೆ ಕೆಳಗೆ ಆಡಿ ನಿಂತಿತು. ಎರಡು ಕಿಲೋ ದಾಟಿ ತೊಂಬತ್ತು ಗ್ರಾಂ.

“ಮನಿಗಿ ಕರ್ಕೊಂಡು ಹೋಗ್ರಿ,” ಎಂದು ಸಿಸ್ಟರ್ ನಕ್ಕರು. “ಭಾಳ ಛಲೋ ಏರ್ಯಾದ. ಕಡೀ ನಾಲ್ಕು ದಿನ ಯಾರು ಹಿಡಕೊಂಡಿದ್ರಿ?”

ಅತ್ತೆ ನೆಲ ನೋಡಿದರು. “ನಮ್ಮ ಅತ್ತಿಯವರು,” ಎಂದೆ ನಾನು, ವಾರ್ಡಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ. ಸಿಸ್ಟರ್ ಅವರ ಭುಜ ಮುಟ್ಟಿ, “ಶಭಾಷ್ ಅಮ್ಮಾ,” ಎಂದರು. ಅತ್ತೆಗೆ ಅದು ಕೇಳಿಸಿತೋ ಇಲ್ಲವೋ. ಅವರು ಅಳುವ ಮೊಮ್ಮಗಳನ್ನು ತಕ್ಕಡಿಯಿಂದ ಎತ್ತಿ ಸೆರಗಿನೊಳಗೆ ಸೇರಿಸುವ ಗಡಿಬಿಡಿಯಲ್ಲಿದ್ದರು.

ಬರುವಾಗ ನಾನು ಮುಂದೆ ಕೂತಿದ್ದೆ. ಹಿಂದೆ ತಾಯಿ ಮಗಳು, ನಡುವೆ ಸೆರಗಿನಲ್ಲಿ ಕೂಸು. ಊರು ಬಿಟ್ಟು ಹೆದ್ದಾರಿಗೆ ಬಂದೆವು. ಎರಡೂ ಕಡೆ ಕೊಯ್ಲಾದ ತೊಗರಿಯ ಹೊಲ. ನನ್ನ ಹೆಂಡತಿ ಎಷ್ಟೋ ದಿನಗಳ ಮೇಲೆ ಕಿಟಕಿಯ ಹೊರಗೆ ನೋಡುತ್ತಿದ್ದಳು.

ಅತ್ತೆ ಯಾರೂ ಕೇಳದೆ ಮಾತು ತೆಗೆದರು. ಕೂಸಿಗಲ್ಲ, ಮಗಳಿಗೆ.

“ನಾ ನಾಕ್ ಹಡದೀನಿ. ನಮ್ಮತ್ತಿ ಹಾಲು ಕುಡಸೋದು ಬಿಟ್ರ ಕೂಸಿನ್ನ ಎತ್ತಗೊಡ್ತಿದ್ದಿಲ್ಲ. ಎತ್ತಿದ್ರ ಕೈ ರೂಢಿ ಆಗತದ, ಹೊಲದ ಕೆಲಸ ಯಾರು ಮಾಡೋರು ಅಂತಿದ್ಲು. ಅತ್ತರೂ ಎತ್ತತಿದ್ದಿಲ್ಲ ನಾ. ಹೊರಸಿನ್ಯಾಗ ಹಾಕಿ, ಕೆಳಗ ಕೆಂಡ ಇಟ್ಟು ಹೋಗ್ತಿದ್ದೆ. ಹೊಲದಾಗ ಕಳೆ ಕೀಳಾಗ ಎದಿ ತುಂಬಿ ಹಾಲು ಸೋರ್ತಿತ್ತು. ಕೂಸು ಬೆಚ್ಚಗದ, ಸಾಕು ಅಂತ ಸಮಾಧಾನ ಮಾಡ್ಕೋತಿದ್ದೆ. ಊರಿನ ಕೂಸಿಗೆಲ್ಲ ಎಣ್ಣಿ ತಿಕ್ಕೀನಿ, ನೀರು ಹಾಕೀನಿ. ಎಲ್ಲಾ ಕೈಲೇ ಮಾಡಿದ್ದು.” ಸೆರಗಿನೊಳಗೆ ಬಗ್ಗಿ ನೋಡಿದರು. “ಒಂದು ಕೂಸು ಮೈಮ್ಯಾಲೆ ನಿದ್ದಿ ಮಾಡಿದ್ರ ಹಿಂಗ ಇರ್ತದ ಅಂತ ನನಗ ಈಗ ಗೊತ್ತಾತು.”

ಆಮೇಲೆ ಇನ್ನೂ ಸಣ್ಣ ದನಿಯಲ್ಲಿ ಹೇಳಿದರು, “ನಿನ್ನ ಒಂದಿನಾನೂ ಹಿಂಗ ಎದಿಗಿ ಹಚ್ಕೊಂಡು ಕೂತಿಲ್ಲ ನನ್ನವ್ವಾ.”

ನಾನು ತಿರುಗಿ ನೋಡಿದೆ. ನೋಡಬಾರದಿತ್ತೇನೋ. ಮೂವತ್ತೊಂದು ವರ್ಷದ ನನ್ನ ಹೆಂಡತಿ ಹೊಲಿಗೆಯ ಮೇಲೆ ಒಂದು ಕೈ ಇಟ್ಟುಕೊಂಡು, ಮೆಲ್ಲಗೆ ಸರಿದು ಸರಿದು, ತಾಯಿಯ ಹೆಗಲಿಗೆ ತಲೆ ಇಟ್ಟಳು.

“ಈಗ ಹಚ್ಕೋ,” ಎಂದಳು.

ಅತ್ತೆ ಒಂದು ಕೈ ಮೊಮ್ಮಗಳ ಬೆನ್ನಿನ ಮೇಲೆ ಹಾಗೇ ಬಿಟ್ಟು, ಇನ್ನೊಂದರಿಂದ ಮಗಳ ತಲೆಯನ್ನು ಎದೆಗೆ ಒತ್ತಿಕೊಂಡರು. ನಾನು ಮುಂದಕ್ಕೆ ತಿರುಗಿದೆ. ಕಮಲಾಪುರ ಇನ್ನು ಹತ್ತೇ ನಿಮಿಷದ ದಾರಿ.

“ಸಾವಕಾಶ ಹೊಡೀರಿ,” ಎಂದೆ ಕಾರಿನವರಿಗೆ. “ಮನಿ ಎಲ್ಲೂ ಓಡಿ ಹೋಗಂಗಿಲ್ಲ.”